ಎಡಗಡೆ 2 ಗೇರಿನ ಹಳೆ ಶಿಫ್ಟರ್, ಮುಂದೆ 3 ಚೈನ್‌ರಿಂಗ್: ಹೊಂದುತ್ತದಾ?

ಶಿರಾಗೇಟ್ ಸವಾರ

ಎಲ್ಲರಿಗೂ ನಮಸ್ಕಾರ, ತುಮಕೂರಿನವನು. ನನ್ನದು ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್. ಮುಂದೆ ಪೆಡಲ್ ಹತ್ತಿರ 48-38-28 ಹಲ್ಲಿನ ಮೂರು ಚೈನ್‌ರಿಂಗ್ (ಚೈನ್ ಓಡುವ ಹಲ್ಲಿನ ಚಕ್ರ), ಹಿಂದೆ 8 ಗೇರ್. ಮುಂದಿನ ಗೇರ್ ಬದಲಿಸುವ ಎಡಗಡೆ ಶಿಫ್ಟರ್ ಒಳಗೆ ಸವೆದುಹೋಗಿ ಚೈನು ನಡುವಿನ ರಿಂಗಲ್ಲಿ ನಿಲ್ಲುತ್ತಲೇ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಓಡಾಡುವುದಕ್ಕೆ ಹೇಗೋ ನಡೆಯುತ್ತದೆ, ಆದರೆ ದೇವರಾಯನದುರ್ಗ ಹತ್ತಬೇಕು ಅಂದರೆ ಚಿಕ್ಕ ರಿಂಗ್ ಬೇಕೇ ಬೇಕು.

ಬೆಂಗಳೂರಲ್ಲಿ ಒಬ್ಬರು ಹಳೆ ಶಿಮಾನೊ ಶಿಫ್ಟರ್ ಜೋಡಿ ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂತಿದ್ದಾರೆ. ನೇರ ಹ್ಯಾಂಡಲ್‌ಗೆ ಹಾಕುವಂಥದ್ದೇ, ಆದರೆ ರೋಡ್ ಸೈಕಲ್‌ನಿಂದ ಬಿಚ್ಚಿದ್ದು. ಬಲಗಡೆ 8, ಎಡಗಡೆ 2. ಇದು ನನ್ನ ಮೂರು ರಿಂಗಿಗೆ ಆಗುತ್ತದಾ? ಇಲ್ಲ ಅಂದರೆ ದೊಡ್ಡ ರಿಂಗ್ ತೆಗೆದುಹಾಕಿ ಎರಡರಲ್ಲೇ ಓಡಿಸಲಾ? 48ರಲ್ಲಿ ನಾನು ಓಡಿಸುವುದು ಕಡಿಮೆ.

ಹಳೇ ಚೈನು

ಬಲಗಡೆಯದಕ್ಕೆ ಯೋಚನೆ ಬೇಡ. ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೂಡ ಶಿಮಾನೊ ಆಗಿದ್ದರೆ 8 ಗೇರಿನಲ್ಲಿ ರೋಡ್, ಎಂಟಿಬಿ (ಮೌಂಟನ್ ಬೈಕ್) ಎರಡೂ ಒಂದೇ ಲೆಕ್ಕದಲ್ಲಿ ವೈರ್ ಎಳೆಯುತ್ತವೆ, ಹಾಗೇ ಹಾಕಬಹುದು. ಈ ಹೊಂದಾಣಿಕೆ ತಪ್ಪುವುದು 10 ಗೇರ್ ಬಂದ ಮೇಲೆ.

ತೊಂದರೆ ಇರುವುದು ಎಡಗಡೆ. ಮುಂದಿನ ಡಿರೇಲರ್‌ನಲ್ಲಿ ಎರಡು ಲಿಮಿಟ್ ಸ್ಕ್ರೂ ಇರುತ್ತವೆ, ಒಂದು ಒಳಗಿನ ರಿಂಗಿನ ಆಚೆ ಚೈನ್ ಬೀಳದ ಹಾಗೆ, ಇನ್ನೊಂದು ಹೊರಗೆ ಬೀಳದ ಹಾಗೆ. ನಡುವಿನ ರಿಂಗಿಗೆ ಅಂತ ಸ್ಕ್ರೂ ಇಲ್ಲ. ಅಲ್ಲಿ ಡಿರೇಲರ್ ನಿಲ್ಲುವುದು ಶಿಫ್ಟರ್ ಎಷ್ಟು ವೈರ್ ಎಳೆಯಿತು ಅನ್ನುವುದರ ಮೇಲೆ ಮಾತ್ರ. ಅದಕ್ಕೇ ಮೂರು ರಿಂಗ್ ಇರುವವರಿಗೆ ಶಿಫ್ಟರ್, ಡಿರೇಲರ್ ಜೋಡಿ ಸರಿಯಾಗಿರಲೇಬೇಕು. ಎರಡೇ ನಿಲುಗಡೆ ಇರುವ ಶಿಫ್ಟರ್ ಮೂರು ರಿಂಗಿಗೆ ಆಗುವುದಿಲ್ಲ. ಉಲ್ಟಾ ಆದರೆ ನಡೆಯುತ್ತದೆ: 3ರ ಶಿಫ್ಟರನ್ನು ಎರಡು ರಿಂಗಿಗೆ ಹಾಕಿ ಒಂದು ಕ್ಲಿಕ್ ಬಳಸದೆ ಬಿಡಬಹುದು.

ಎರಡೇ ರಿಂಗ್ ಸಾಕು ಅಂದರೂ ಒಂದು ವಿಷಯ ನೋಡಿ. ಮುಂದಿನ ಡಿರೇಲರ್‌ನಲ್ಲಿ ರೋಡ್‌ನದು ಬೇರೆ, ಎಂಟಿಬಿಯದು ಬೇರೆ, ವೈರ್ ಎಳೆಯುವ ಅಳತೆ ಒಂದೇ ಅಲ್ಲ. ದುಡ್ಡು ಕೊಡುವ ಮೊದಲು ಅಳೆದುಬಿಡಿ. ನಿಮ್ಮ ಡಿರೇಲರ್‌ನಿಂದ ವೈರ್ ಬಿಚ್ಚಿ, ಕೈಯಲ್ಲಿ ಎಳೆದು, ಚಿಕ್ಕ ರಿಂಗಿನಿಂದ ನಡುವಿನದಕ್ಕೆ ಹೋಗಲು ಎಷ್ಟು ಮಿ.ಮೀ. ಬೇಕು ಅಂತ ಸ್ಕೇಲ್ ಇಟ್ಟು ನೋಡಿ. ಆಮೇಲೆ ಆ ಶಿಫ್ಟರ್‌ಗೆ ವೈರ್ ಹಾಕಿ ಒಂದು ಕ್ಲಿಕ್ಕಿಗೆ ಎಷ್ಟು ಎಳೆಯುತ್ತದೆ ನೋಡಿ. ಸ್ವಲ್ಪ ಜಾಸ್ತಿ ಎಳೆದರೆ ಪರವಾಗಿಲ್ಲ, ವೈರ್ ಸಡಿಲ ಬಿಟ್ಟು ಸರಿದೂಗಿಸಬಹುದು. ಕಡಿಮೆ ಎಳೆದರೆ ಏನೂ ಮಾಡಲಿಕ್ಕಾಗುವುದಿಲ್ಲ.

ಅಂತರಗಂಗೆ ರಸ್ತೆ

ಕೋಲಾರದಿಂದ. ರಿಂಗ್ ತೆಗೆಯುವ ಮಾತಿಗೆ ಮೊದಲು ಕ್ರ್ಯಾಂಕ್ (ಪೆಡಲ್, ರಿಂಗ್ ಕೂರುವ ತೋಳು) ನೋಡಿ ಅಣ್ಣ. ಕಡಿಮೆ ಬೆಲೆಯ ಹೈಬ್ರಿಡ್‌ಗಳಲ್ಲಿ ತುಂಬಾ ಕಡೆ ಮೂರೂ ರಿಂಗ್ ಸೇರಿಸಿ ರಿವೆಟ್ ಹೊಡೆದಿರುತ್ತಾರೆ, ಬಿಚ್ಚಲು ಬರುವುದೇ ಇಲ್ಲ. ಬೋಲ್ಟ್ ಇದ್ದರೆ ಸರಿ, ಆದರೆ ಒಂದು ರಿಂಗ್ ತೆಗೆದ ಮೇಲೆ ಹಳೇ ಬೋಲ್ಟ್ ಉದ್ದವಾಗಿ ಗಟ್ಟಿಯಾಗಿ ಕೂರದೇ ಇರಬಹುದು, ಆಗ ಗಿಡ್ಡ ಬೋಲ್ಟ್ ಬೇಕು. ಡಿರೇಲರ್ ಕೂಡ ಕೆಳಗಿಳಿಸಬೇಕು, ಚೈನನ್ನು ತಳ್ಳುವ ಅದರ ಹೊರಗಿನ ತಗಡು ಆಗ ಉಳಿದಿರುವ ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿರಬೇಕು. 48ಕ್ಕೆ ಬಾಗಿಸಿದ ತಗಡು 38ರ ಮೇಲೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ರಿವೆಟ್ ಇದ್ದರೆ ದೊಡ್ಡ ರಿಂಗ್ ಅಲ್ಲೇ ಇರಲಿ, ಹೊರಗಿನ ಲಿಮಿಟ್ ಸ್ಕ್ರೂ ಬಿಗಿ ಮಾಡಿ ಚೈನ್ ಅಲ್ಲಿಗೆ ಹೋಗದ ಹಾಗೆ ಮಾಡಿದರೆ ಸಾಕು.

ನನ್ನನ್ನು ಕೇಳಿದರೆ ಇದ್ಯಾವುದೂ ಬೇಡ. ಎಡಗಡೆಗೆ ಒಂದು ಫ್ರಿಕ್ಷನ್ ಲಿವರ್ ಹಾಕಿ, ಹೆಬ್ಬೆರಳಲ್ಲಿ ತಳ್ಳುವಂಥದ್ದು. ಅದರಲ್ಲಿ ಕ್ಲಿಕ್ಕೇ ಇಲ್ಲ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ರೋಡ್, ಎಂಟಿಬಿ, 2, 3 ಯಾವ ತಕರಾರೂ ಇಲ್ಲ. ಚೈನ್ ತಗಡಿಗೆ ತಾಗಿ ಸದ್ದು ಮಾಡಿದರೆ ಕೂದಲೆಳೆಯಷ್ಟು ಸರಿಸಿದರೆ ಆಯಿತು. ಹಿಂದೆ 8 ಗೇರಿಗೆ ಕ್ಲಿಕ್ ಬೇಕು ಅನ್ನಿಸುತ್ತದೆ, ಮುಂದೆ ಮೂರೇ ಜಾಗ ಅಲ್ವಾ, ಕೈಗೆ ಬೇಗ ರೂಢಿಯಾಗುತ್ತದೆ. ಬೆಟ್ಟ ಹತ್ತುವವರಿಗೆ ಇದಕ್ಕಿಂತ ನಂಬಿಕೆಯ ಸಾಮಾನು ನಾನು ಕಂಡಿಲ್ಲ.

ಹಳೇ ಚೈನು

ಫ್ರಿಕ್ಷನ್ ಮಾತು ಸರಿ, ನಾನೂ ಒಪ್ಪುತ್ತೇನೆ. ಇನ್ನೊಂದು, ಈಗಿನ ಶಿಫ್ಟರ್ ನಿಜವಾಗಿ ಸವೆದಿದೆಯಾ ಅಂತಲೂ ನೋಡಿ. ಹಳೇ ಶಿಫ್ಟರ್‌ಗಳಲ್ಲಿ ಒಳಗಿನ ಗ್ರೀಸ್ ಅಂಟಾಗಿ ಗಟ್ಟಿಯಾಗುತ್ತದೆ, ಆಗ ಒಳಗಿನ ಕೊಕ್ಕೆ ಹಲ್ಲು ಹಿಡಿಯುವುದಿಲ್ಲ, ಲಿವರ್ ಸುಮ್ನೆ ಆಡುತ್ತದೆ. ಅಂಗಡಿಯಲ್ಲಿ ಹೋಯಿತು ಅಂತ ಎಸೆಯುವುದರಲ್ಲಿ ಎಷ್ಟೋ ಶಿಫ್ಟರ್‌ಗಳು ಇಂಥವೇ. ಡಬ್ಲ್ಯೂಡಿ-40 ಚೆನ್ನಾಗಿ ಹೊಡೆದು ಲಿವರ್ ಆಡಿಸುತ್ತಾ ಇರಿ. ಕ್ಲಿಕ್ ವಾಪಸ್ ಬಂದರೆ ಒಣಗಿದ ಮೇಲೆ ತೆಳು ಎಣ್ಣೆ ಬಿಡಿ.

ಶಿರಾಗೇಟ್ ಸವಾರ

ಇಬ್ಬರಿಗೂ ಧನ್ಯವಾದ. ಕ್ರ್ಯಾಂಕ್ ನೋಡಿದೆ, ರಿವೆಟ್ಟೇ. ಮೊದಲು ಡಬ್ಲ್ಯೂಡಿ-40 ಹೊಡೆದು ನೋಡುತ್ತೇನೆ, ಆಗದಿದ್ದರೆ ಫ್ರಿಕ್ಷನ್ ಲಿವರ್. ಬ್ರೇಕ್ ಲಿವರ್ ಬೇರೆಯಾಗಿಯೇ ಇದೆ, ಹಾಗಾಗಿ ಶಿಫ್ಟರ್ ಒಂದನ್ನೇ ಬಿಚ್ಚಬಹುದು. ಮನೆಯಲ್ಲಿ ಹೊಸ ಬ್ರೇಕ್ ವೈರ್ ಇದೆ, ಗೇರಿಗೆ ಅದೇ ಹಾಕಬಹುದಾ?

ಅಂತರಗಂಗೆ ರಸ್ತೆ

ಬೇಡ ಅಣ್ಣ. ಬ್ರೇಕ್ ವೈರ್ ದಪ್ಪ, ತುದಿಯ ಗುಂಡು ಕೂಡ ದೊಡ್ಡದು, ಶಿಫ್ಟರ್ ಒಳಗೆ ಕೂರುವುದಿಲ್ಲ. 1.2 ಮಿ.ಮೀ. ಗೇರ್ ವೈರ್ ಅಂತಲೇ ಕೇಳಿ ತಗೊಳ್ಳಿ. ಹೊರಗಿನ ಕವಚವೂ ಹಳೆಯದಾಗಿದ್ದರೆ ಜೊತೆಗೇ ಬದಲಿಸಿ, ಒಳಗೆ ತುಕ್ಕು ಇದ್ದರೆ ಹೊಸ ಲಿವರ್ ಹಾಕಿದರೂ ಗೇರ್ ಬಿಗಿಯಾಗೇ ಇರುತ್ತದೆ.