ಇನ್ಹೆರಿಟೆನ್ಸ್ ಯಾವಾಗ ಬಳಸಬೇಕು?

ಪ್ರಶ್ನೆ:
ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಕ್ಲಾಸ್ ಅಂದ್ರೆ ನಮೂನೆ, ಅದರಿಂದ ‘ನ್ಯೂ’ ಹಾಕಿ ಮಾಡಿದ್ದು ಆಬ್ಜೆಕ್ಟ್, ಇಷ್ಟು ಅರ್ಥ ಆಗಿದೆ. ಎರಡು ಕ್ಲಾಸ್‌ಗಳಲ್ಲಿ ಒಂದೇ ಥರದ ಕೋಡ್ ಕಂಡ ಕೂಡಲೇ ‘ಎಕ್ಸ್‌ಟೆಂಡ್ಸ್’ ಹಾಕಿ ಇನ್ಹೆರಿಟೆನ್ಸ್ ಮಾಡಬೇಕಾ, ಅಂದ್ರೆ ಒಂದು ಕ್ಲಾಸ್‌ನ (ಪೇರೆಂಟ್) ಕೋಡ್ ಇನ್ನೊಂದಕ್ಕೂ (ಚೈಲ್ಡ್) ಬರುವ ಹಾಗೆ? ಎಲ್ಲಿ ನೋಡಿದರೂ ಪ್ರಾಣಿ, ನಾಯಿ, ಬೆಕ್ಕಿನ ಉದಾಹರಣೆಯೇ. ನಿಜವಾದ ಪ್ರೋಗ್ರಾಮ್ ಬರೆಯುವಾಗ ಹೇಗೆ ತೀರ್ಮಾನ ಮಾಡುತ್ತೀರಿ?

ಉತ್ತರ 1:
ಬರೆಯೋದು ಕಡಿಮೆ ಆಗಲಿ ಅಂತ ಮಾತ್ರ ಎಕ್ಸ್‌ಟೆಂಡ್ಸ್ ಹಾಕಬೇಡಿ. ಜಾವಾದ ಲೈಬ್ರರಿಯಲ್ಲೇ ನೋಡಿ, ಸ್ಟ್ಯಾಕ್ ಕ್ಲಾಸ್ ವೆಕ್ಟರ್ ಅನ್ನುವ ಪಟ್ಟಿಯ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿದೆ. ಸ್ಟ್ಯಾಕ್ ಅಂದ್ರೆ ಮೇಲೆಯೇ ಹಾಕಬೇಕು, ಮೇಲಿಂದಲೇ ತೆಗೆಯಬೇಕು, ಅಲ್ವಾ? ಆದರೆ ವೆಕ್ಟರ್‌ನ ಮೆಥಡ್‌ಗಳೆಲ್ಲ (ಆಬ್ಜೆಕ್ಟ್ ಮಾಡಬಲ್ಲ ಕೆಲಸಗಳು) ಅದಕ್ಕೂ ಬಂದುಬಿಟ್ಟಿವೆ. 10, 20, 30 ಪುಶ್ ಮಾಡಿ, ಆಮೇಲೆ ಆಡ್(0, 99), ಅಂದ್ರೆ 0ನೇ ಜಾಗಕ್ಕೆ 99 ಹಾಕು, ಅಂತ ಕರೆಯಿರಿ. 99 ಸೀದಾ ತಳಕ್ಕೆ ಹೋಗಿ ಕೂರುತ್ತದೆ, ಕಂಪೈಲರ್ ತುಟಿ ಪಿಟಕ್ ಅನ್ನೋದಿಲ್ಲ. ಈಗ ಅದನ್ನು ಬದಲಿಸಿದರೆ ಹಳೆಯ ಪ್ರೋಗ್ರಾಮ್‌ಗಳು ಕೆಡುತ್ತವೆ, ಹಾಗಾಗಿ ಇದ್ದ ಹಾಗೇ ಇದೆ. ಹೊಸ ಕೋಡ್‌ಗೆ ಸ್ಟ್ಯಾಕ್ ಬದಲು ಅರೇಡೆಕ್ ಕ್ಲಾಸ್ ಬಳಸಿ.

ಉತ್ತರ 2:
ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪೇರೆಂಟ್ ಬೇಕಾದ ಕಡೆಯೆಲ್ಲ ಚೈಲ್ಡ್ ಕೊಟ್ಟರೂ ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದಾ? ಹೌದಾದರೆ ಇನ್ಹೆರಿಟೆನ್ಸ್ ಸರಿ. ಚಿತ್ರ ಬಿಡಿಸುವ ಪ್ರೋಗ್ರಾಮ್‌ನಲ್ಲಿ ವೃತ್ತ, ಚೌಕ, ಗೆರೆ ಎಲ್ಲಕ್ಕೂ ‘ಡ್ರಾ’ ಮೆಥಡ್ ಇದ್ದರೆ ಲೂಪ್ ಸುಮ್ನೆ ಪ್ರತಿಯೊಂದರ ಡ್ರಾ ಕರೆಯುತ್ತಾ ಹೋಗುತ್ತದೆ, ನಾಳೆ ತ್ರಿಕೋನ ಸೇರಿಸಿದರೂ ಆ ಲೂಪ್ ಮುಟ್ಟಬೇಕಿಲ್ಲ. ಒಂದೇ ಕರೆಗೆ ಪ್ರತಿ ಆಬ್ಜೆಕ್ಟ್ ತನ್ನದೇ ರೀತಿ ಕೆಲಸ ಮಾಡುವ ಪಾಲಿಮಾರ್ಫಿಸಂನಿಂದ ನಿಜವಾಗಿ ಸಿಗುವ ಲಾಭ ಇದು. ಇದಕ್ಕೆ ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಅಂತ ಹೇಳುವ ಪಟ್ಟಿ) ಇದ್ದರೂ ಸಾಕು.

ಉತ್ತರ 3:
ಕ್ಲಾಸ್, ಇನ್ಹೆರಿಟೆನ್ಸ್ ಎರಡೂ ನಾರ್ವೆಯಲ್ಲಿ ಹುಟ್ಟಿದ ಸಿಮುಲಾ 67 ಭಾಷೆಯಲ್ಲೇ ಇದ್ದವು. ಸಿ++ನಲ್ಲಿ ಒಂದು ಕ್ಲಾಸ್‌ಗೆ ಎಷ್ಟು ಪೇರೆಂಟ್ ಬೇಕಾದರೂ ಇರಬಹುದು, ಜಾವಾದಲ್ಲಿ ಒಂದೇ. ಗೋ ಭಾಷೆಯಲ್ಲಂತೂ ಕ್ಲಾಸ್ ಇನ್ಹೆರಿಟೆನ್ಸ್ ಇಲ್ಲವೇ ಇಲ್ಲ, ಆದರೂ ದೊಡ್ಡ ದೊಡ್ಡ ಸಾಫ್ಟ್‌ವೇರ್ ಅದರಲ್ಲಿ ಬರೆಯುತ್ತಾರೆ. ಇನ್ಹೆರಿಟೆನ್ಸ್ ಇಲ್ಲದೆ ಕೆಲಸ ನಡೆಯಲ್ಲ ಅಂದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಬಿಲ್ ಅಂತ ಒಂದು ಕ್ಲಾಸ್ ಬರೆಯಬೇಕು, ಅದರಲ್ಲಿ ಐಟಂಗಳ ಪಟ್ಟಿ ಇರುತ್ತದೆ, ಒಟ್ಟು ಮೊತ್ತ ಇರುತ್ತದೆ. ಜಾವಾದ ಪಟ್ಟಿ ಕ್ಲಾಸ್ ಅರೇಲಿಸ್ಟ್ ಎಕ್ಸ್‌ಟೆಂಡ್ ಮಾಡಬಹುದಾ?

ಉತ್ತರ 1:
ಬೇಡ. ಅರೇಲಿಸ್ಟ್‌ನಿಂದ ಬಂದ ‘ಕ್ಲಿಯರ್’ ಮೆಥಡ್ ಯಾರೋ ಕರೆದರೆ ಐಟಂಗಳೆಲ್ಲ ಹೋಗುತ್ತವೆ, ಮೊತ್ತ ಮಾತ್ರ ಹಳೆಯದೇ ಉಳಿಯುತ್ತದೆ. ಪಟ್ಟಿಯನ್ನು ಬಿಲ್ ಒಳಗೆ ಪ್ರೈವೇಟ್ ಆಗಿ, ಅಂದ್ರೆ ಹೊರಗಿನ ಕೋಡ್ ಮುಟ್ಟದ ಹಾಗೆ, ಇಡಿ. ಐಟಂ ಸೇರಿಸೋಕೆ ಒಂದು ಮೆಥಡ್, ತೆಗೆಯೋಕೆ ಒಂದು, ಎರಡರಲ್ಲೂ ಮೊತ್ತ ಸರಿಮಾಡಿ. ಬೇರೆ ದಾರಿ ಹೊರಗಿನವರಿಗೆ ಕೊಡಬೇಡಿ.