ಬೆನ್ನುಹುರಿ ಗುಂಪು: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ನಮ್ಮ ಸಂಸ್ಥೆಯ ಫಿಸಿಯೋಥೆರಪಿಸ್ಟ್ ಮೇಡಂ ಇಂದು 4ರಿಂದ 6ರವರೆಗೆ ಉತ್ತರಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರು ತಮ್ಮ ಕೆಲಸ ತಾವೇ ಮಾಡಿಕೊಂಡು ಮನೆಯಲ್ಲಿರುವ ಬಗ್ಗೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕುಮಟಾ: ಗಾಲಿಕುರ್ಚಿ ಜಗುಲಿ ಹತ್ತಬೇಕು. ಇಳಿಜಾರು ಎಷ್ಟು ಉದ್ದ ಬೇಕು?

ಮೇಡಂ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಜಗುಲಿ ಒಂದೂವರೆ ಅಡಿ ಇದ್ದರೆ 18 ಅಡಿ. ನುಣುಪು ಸಿಮೆಂಟ್ ಬೇಡ, ನಮ್ಮ ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಗಾರೆ ಹಸಿ ಇರುವಾಗಲೇ ಅಡ್ಡಗೆರೆ ಎಳೆಸಿ.

ಅಂಕೋಲಾ: ಅಣ್ಣ ಯಾವಾಗ ನಡೆಯುತ್ತಾನೆ?

ಮೇಡಂ: ವರದಿ ನೋಡದೆ ಹೇಳುವುದಿಲ್ಲ.

ಕಾರವಾರ: ಸೊಂಟದ ಕೆಳಗೆ ಸ್ಪರ್ಶವಿಲ್ಲ. ಮದುವೆಯಾಗಿ ಎರಡು ವರ್ಷ. ಮಕ್ಕಳಾಗಬಹುದೇ?

ಸಿದ್ದಾಪುರ: ಅಣ್ಣನಿಗೆ 34. ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಎಂಟು ತಿಂಗಳಾಯಿತು. ಚೀಟಿಯಲ್ಲಿ ಟಿ-4 (ಎದೆಭಾಗದ ಬೆನ್ನುಹುರಿಯ ನಾಲ್ಕನೆಯ ಮಟ್ಟ) ಎಂದಿದೆ. ನಾಲ್ಕು ದಿನದಿಂದ ಸಂಜೆಯಾದರೆ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಈಗ ಬಿಪಿ 160/100. ಉಷ್ಣವೆಂದು ಆಯಿ ಕೊತ್ತಂಬರಿ ನೀರು ಕುಡಿಸಿ ಮಲಗಿಸಿದ್ದಾಳೆ.

ಮೇಡಂ: ಉಳಿದವರು ಸ್ವಲ್ಪ ತಡೆಯಿರಿ. ತಂಗೀ, ಈ ಕ್ಷಣ ಅವರನ್ನು ಎಬ್ಬಿಸಿ ನೆಟ್ಟಗೆ ಕೂರಿಸಿ, ಕಾಲು ಮಂಚದಿಂದ ಕೆಳಗೆ ಇಳಿಬಿಡಿ. ಸೊಂಟದ ಪಟ್ಟಿ, ಬಿಗಿ ಬಟ್ಟೆ ಸಡಿಲಿಸಿ. ಮೂತ್ರದ ನಳಿಕೆ ಇದೆಯೇ? ಚೀಲ ನೋಡಿ.

ಸಿದ್ದಾಪುರ: ಕೂರಿಸಿದೆವು. ಚೀಲ ಖಾಲಿಯೇ ಇದೆ, ತೊಂದರೆ ಇಲ್ಲ.

ಮೇಡಂ: ಖಾಲಿ ಇರುವುದೇ ತೊಂದರೆ! ನಳಿಕೆಯನ್ನು ಬುಡದಿಂದ ಚೀಲದವರೆಗೆ ಬೆರಳಿನಿಂದ ಸವರುತ್ತ ಬನ್ನಿ. ಐದು ನಿಮಿಷಕ್ಕೊಮ್ಮೆ ಬಿಪಿ ನೋಡಿ. ಮೂತ್ರ ಇಳಿಯದಿದ್ದರೆ, ಬಿಪಿ ತಗ್ಗದಿದ್ದರೆ ಆಸ್ಪತ್ರೆಗೆ ಹೊರಡಿ, ಕಾರಿನಲ್ಲೂ ಕೂರಿಸಿಕೊಂಡೇ. ಅಲ್ಲಿ ‘ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ ಎಂದು ಬರೆದು ತೋರಿಸಿ, ಬಿಪಿ ದಿಢೀರ್ ಏರುವ ಈ ಸ್ಥಿತಿಯ ಹೆಸರು ಅದು.

ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರೆಲ್ಲ ಓದಿಕೊಳ್ಳಿ. ಮೂತ್ರಕೋಶ ಬಿರಿಯುವಷ್ಟು ತುಂಬಿದರೂ ಇವರಿಗೆ ಮೊದಲಿನಂತೆ ಗೊತ್ತಾಗುವುದಿಲ್ಲ. ದೇಹ ಮಾತ್ರ ಕೆಳಗಿನ ರಕ್ತನಾಳಗಳನ್ನು ಬಿಗಿಯುತ್ತ ಹೋಗುತ್ತದೆ. ಸಡಿಲಿಸು ಎಂಬ ಮಿದುಳಿನ ಮಾತು ಪೆಟ್ಟಾದ ಜಾಗವನ್ನು ದಾಟುವುದಿಲ್ಲ. ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವ ಹೋಗಬಹುದು. ಇವರ ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 90–110 ಇರುತ್ತದೆ, ಹಾಗಾಗಿ 140 ಕೂಡ ಇವರಿಗೆ ಹೆಚ್ಚೇ. ಕಾರಣ ಬಹುಪಾಲು ಮೂತ್ರ, ಇಲ್ಲವೇ ಗಟ್ಟಿಯಾದ ಮಲ. ಕೆಲವೊಮ್ಮೆ ಹುಣ್ಣು, ಒಳಗೆ ಬೆಳೆದ ಉಗುರು.

ಸಿದ್ದಾಪುರ: ನಳಿಕೆ ತೊಡೆಯ ಅಡಿಯಲ್ಲಿ ಮಡಚಿಕೊಂಡಿತ್ತು! ಬಿಡಿಸಿದೆ, ಚೀಲ ತುಂಬುತ್ತಿದೆ. ಬಿಪಿ 124.

ಶಿರಸಿ: ತಲೆನೋವಿಗೆ ಲಕ್ಕಿ ಸೊಪ್ಪಿನ ಶಾಖ ಬಹಳ ಒಳ್ಳೆಯದು. ಬಿಸಿ ಮರಳಿನ ಗಂಟಿನಿಂದ ಕಾಲಿಗೂ ಕೊಟ್ಟರೆ ನರ ಚಿಗುರುತ್ತದೆ ಎಂದು ಬಂದಿದೆ, ಕೆಳಗೆ ಹಾಕಿದ್ದೇನೆ.

ಮೇಡಂ: ತೆಗೆಯಿರಿ. ಸ್ಪರ್ಶವಿಲ್ಲದ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಇಂಥದೇ ಮರಳಿನ ಗಂಟಿನಿಂದ ಹಿಮ್ಮಡಿ ಬೆಂದ ಹುಡುಗನಿಗೆ ಮೂರು ತಿಂಗಳು ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ಅವನ ನರ ಚಿಗುರಲಿಲ್ಲ.

ಶಿರಸಿ: ಹಿರಿಯರು ಮಾಡಿದ್ದೆಲ್ಲ ಸುಳ್ಳೇ?

ಮೇಡಂ: ತೆಗೆಯಿರಿ ಎಂದೆ.

ಹೊನ್ನಾವರ: ನನ್ನ ಯಜಮಾನರಿಗೆ ದಿನಕ್ಕೆ ಐದು ಸಲ ನಾನೇ ನಳಿಕೆ ಹಾಕಿ ತೆಗೆಯುತ್ತೇನೆ. ಕೈ ಚೆನ್ನಾಗಿದೆ, ಆದರೂ ಕಲಿಯಲು ಒಪ್ಪುವುದಿಲ್ಲ.

ಭಟ್ಕಳ: ಹೆಂಡತಿ ಇರುವಾಗ ಅವರೇಕೆ ಕಲಿಯಬೇಕು?

ಹೊನ್ನಾವರ: ತವರಿಗೆ ಹೋಗದೆ ಎರಡು ವರ್ಷವಾಯಿತು. ಅಪ್ಪಯ್ಯನ ವರ್ಷಾಂತಕ್ಕೂ ಹೋಗಲಿಲ್ಲ. ನಾಲ್ಕು ತಾಸಿಗೊಮ್ಮೆ ನೀವು ಬಂದು ಹಾಕುತ್ತೀರಾ?

ಭಟ್ಕಳ: ಸಂಸಾರವೆಂದ ಮೇಲೆ ಇದೆಲ್ಲ ಇದ್ದದ್ದೇ.

ಕುಮಟಾ: ನೀವು ಸುಮ್ಮನಿದ್ದರೆ ಒಳ್ಳೆಯದು.

ಭಟ್ಕಳ: ನಿಮ್ಮನ್ನು ಕೇಳಿದ್ದು ಯಾರು? ಜಗುಲಿ ನೋಡಿಕೊಳ್ಳಿ.

ಮೇಡಂ: ಹೊನ್ನಾವರ ಅಕ್ಕ, ಮುಂದಿನ ಶಿಬಿರಕ್ಕೆ ಅವರನ್ನು ಕಳುಹಿಸಿ. ನೀವು ಜೊತೆಗೆ ಬರಬೇಡಿ. ಗಾಲಿಕುರ್ಚಿಯಲ್ಲಿರುವ ನಮ್ಮ ತರಬೇತುದಾರರೇ ಕಲಿಸುತ್ತಾರೆ. ನಾನು ಹತ್ತು ಸಲ ಹೇಳಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗುವ ಗಂಡಸರು ಅವರ ಮುಂದೆ ಕೈ ತೊಳೆದು ಕೂರುತ್ತಾರೆ.

ಅಂಕೋಲಾ: ಅಣ್ಣ ನಡೆಯುವ ವಿಷಯ?

ಮೇಡಂ: ಮೇಲೆ ಹೇಳಿದೆ.

ಯಲ್ಲಾಪುರ: ಉಚಿತ ಗಾಲಿಕುರ್ಚಿ ಎಲ್ಲಿ ಸಿಗುತ್ತದೆ?

ಮೇಡಂ: ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಇದನ್ನು ಬರೆಯುವುದು ಇದು ನಾಲ್ಕನೆಯ ವಾರ. ಕುರ್ಚಿಗೆ ಸೊಂಟದ ಅಳತೆ ಬೇಕು, ಸಿಕ್ಕಿದ್ದರಲ್ಲಿ ಕೂರಿಸಿದರೆ ಹುಣ್ಣಾಗುತ್ತದೆ.

ಸಿದ್ದಾಪುರ: ಇದು ನಾನೇ, ಅಣ್ಣ. ತಲೆನೋವು ನಿಂತಿತು. ಈ ನಳಿಕೆ ತೆಗೆಸಿ ಆಗಾಗ ನಾನೇ ಹಾಕಿಕೊಳ್ಳಲು ಬರುತ್ತದೆಯೇ?

ಮೇಡಂ: ಟಿ-4 ಎಂದರೆ ಕೈ ಗಟ್ಟಿಯಾಗಿರುತ್ತದೆ. ಡಾಕ್ಟರು ಒಪ್ಪಿದರೆ ಕಲಿಸುತ್ತೇವೆ. ಉಗುರು ಕತ್ತರಿಸಿಕೊಂಡು ಬನ್ನಿ.

ಶಿರಸಿ: ಕೊತ್ತಂಬರಿ ನೀರಿನಿಂದಲೇ ಇಳಿದಿರಬೇಕು.

ನಿರ್ವಾಹಕ: 6 ಗಂಟೆಯಾಯಿತು. ಮೇಡಂ ಹೊರಟರು.

ಕಾರವಾರ: ನಾನೂ ಒಂದು ಕೇಳಿದ್ದೆ.