ಭಾರ ಎತ್ತಿದ್ರ ತೋಳು ದಪ್ಪ ಆಗ್ತಾವೇನ್ರೀ? ಅನುಭವ ಇದ್ದಾವ್ರು ಹೇಳ್ರಿ

ನವನಗರದಾಕಿ, ಬಾಗಲಕೋಟಿ:
ವಯಸ್ಸು 27, ತೂಕ 54. ಜಿಮ್ ಹಚ್ಚಿ ಐದು ತಿಂಗಳಾತು, ಸ್ಕ್ವಾಟ್ (ಹೆಗಲಮ್ಯಾಲ ಭಾರ ಇಟ್ಕೊಂಡು ಕುಂತು ಏಳೂದು) 45 ಕೆಜಿಗೆ ಬಂದೈತಿ. ಫೆಬ್ರುವರಿದಾಗ ಮದುವಿ. "ತೋಳು ಉಬ್ಬಿ ಪೈಲ್ವಾನ್ ಆಗ್ತಿ, ಬಿಡು" ಅಂತ ನಮ್ಮವ್ವ ದಿನಾ ಗಂಟ್ ಬಿದ್ದಾಳ. ಮದುವಿತನಕ ನಿಲ್ಲಸ್ಲೋ, ಭಾರ ಕಡಿಮಿ ಮಾಡ್ಲೋ?

ಜಲನಗರ ಅಕ್ಕ, ವಿಜಯಪುರ:
ತಂಗಿ, ನಾ ಎತ್ತಲಿಕ್ಕೆ ಹತ್ತಿ ನಾಕ್ ವರ್ಷ ಆತು. 61 ಇದ್ದೆ, ಈಗ 63. ಸೊಂಟ ಎರಡೂವರಿ ಇಂಚು ಇಳದದ, ತೋಳು ಬರೇ ಅರ್ಧ ಇಂಚು ಏರ್ಯಾದ. ಆ ಅರ್ಧ ಇಂಚಿನ ಖರ್ಚ್ ಕೇಳು. 14 ಜಂಪರ್ ಹಿಡೀಲಿಲ್ಲ. ಒಂಬತ್ತರ ತೋಳು ಬಿಚ್ಚಿ ಹೊಲಿಸಿದೆ, ಒಂದಕ್ಕ 70ರಂಗ 630. ಉಳದ ಐದರಾಗ ಟೇಲರ್ ಒಳಗ ಬಟ್ಟಿನ ಬಿಟ್ಟಿರಲಿಲ್ಲ. ಅದರಾಗ ಒಂದು ಗುಳೇದಗುಡ್ಡ ಖಣದ್ದು, ನಮ್ಮತ್ತಿ ಕೊಟ್ಟಿದ್ದು. ಈಗ ದಿಂಬಿನ ಚೀಲ ಆಗ್ಯಾದ. ಆದ್ರೂ ಎತ್ತೂದು ಬಿಟ್ಟಿಲ್ಲ.

ಎರಡು ಕೆಜಿ, ತಿಳಕವಾಡಿ, ಬೆಳಗಾವಿ:
ಅಕ್ಕಾರ, ಅರ್ಧ ಇಂಚಿಗೆ ಹುಡುಗೀನ ಅಂಜಿಸಬ್ಯಾಡ್ರಿ. ಇದ ಅಂಜಿಕಿಗೆ ನಂದು ಒಂದು ವರ್ಷ, 11,000 ರೂಪಾಯಿ ನೀರಾಗ ಹೋತು. "ಲೇಡೀಸ್‌ಗೆ ಇಷ್ಟ ಸಾಕು, ಟೋನ್ ಆಗತೈತಿ" ಅಂತ ಟ್ರೇನರ್ ಗುಲಾಬಿ ಬಣ್ಣದ 2 ಕೆಜಿ ಡಂಬೆಲ್ ಕೊಟ್ಟು ವರ್ಷ ತಳ್ಳಿದ. ಅದಕಿಂತ ನಮ್ಮ ರುಬ್ಬಗುಂಡು ಭಾರ! ಸ್ನಾಯು ಥೋಡೆ ಬೆಳದು ಮ್ಯಾಲಿನ ಕೊಬ್ಬು ಇಳದ್ರ ಕಾಣೂದ ಟೋನ್. ಗಂಡಸರ ಮೈಯಾಗ ಟೆಸ್ಟೋಸ್ಟಿರಾನ್ ನಮ್ಮಕಿಂತ ಹತ್ತು-ಹದಿನೈದು ಪಟ್ಟು ಇರತೈತಿ. ಅದಿದ್ದೂ ನನ್ನ ತಮ್ಮ ಮೂರು ವರ್ಷ ಎತ್ತಿ ಇನ್ನೂ ಬಡಕಲಾನ ಅದಾನ. ಮೀರಾಬಾಯಿ ಚಾನು ಟೋಕಿಯೋದಾಗ 49 ಕೆಜಿ ವರ್ಗದಾಗ ಎರಡು ನಮೂನಿ ಎತ್ತಿದ್ದು ಕೂಡಿ ಒಟ್ಟ 202 ಕೆಜಿ ಎತ್ತಿ ಬೆಳ್ಳಿ ತಂದ್ಲು. ಆಕಿ ಏನ್ ಗೋಲಗುಮ್ಮಟ ಆಗ್ಯಾಳೇನು?

ನಡಾ ಹಿಡದಾಕಿ, ಗೋಕಾಕ:
ಎತ್ರಿ ಎತ್ರಿ ಅನ್ನಾವ್ರು ನನ್ನ ನಡಾ ತಂದ್ ಕೊಡ್ತೀರೇನು? ಡೆಡ್‌ಲಿಫ್ಟ್ (ನೆಲದಮ್ಯಾಲಿನ ಭಾರ ಬಗ್ಗಿ ಎತ್ತೂದು) ಬರೇ 40 ಕೆಜಿ ಎತ್ತಿದ್ದೆ, ಚಟಕ್ ಅಂತು. ಎಂಆರ್‌ಐ 6,500. ಫಿಸಿಯೋ 350ರಂಗ 11 ಸಲ, 3,850. ಆಟೋ ಹೋಗಿ ಬರೂದು 120ರಂಗ 1,320. ಒಟ್ಟ 11,670. ಆರು ವಾರ ರೊಟ್ಟಿ ಬಡ್ಯಾಕ ಕುಂದ್ರಾಕಾಗಲಿಲ್ಲ.

ಎರಡು ಕೆಜಿ, ತಿಳಕವಾಡಿ:
40 ಅಂದ್ರ ಬಾರ್, ಅಂದ್ರ ತೂಕ ಹಾಕೂ ಕಬ್ಬಿಣದ ರಾಡ್, ಅದನ್ನ ಲೆಕ್ಕದಾಗ ಹಿಡದೋ ಬಿಟ್ಟೋ?

ನಡಾ ಹಿಡದಾಕಿ, ಗೋಕಾಕ:
ಬಾರ್ ಯಾರ್ ಎಣಸ್ತಾರ?

ಎರಡು ಕೆಜಿ, ತಿಳಕವಾಡಿ:
ಯವ್ವಾ! ಗಂಡಸರ ಬಾರ್ 20 ಕೆಜಿ, ಹೆಂಗಸರದು 15. ನೀವು ಎತ್ತಿದ್ದು 40 ಅಲ್ಲ, 55 ಇಲ್ಲಾಂದ್ರ 60.

ನಡಾ ಹಿಡದಾಕಿ, ಗೋಕಾಕ:
ಟ್ರೇನರ್ ಫೋನ್‌ನ್ಯಾಗ ಇದ್ದ, ಅವಂಗ ಹೇಳ್ರಿ ಇದನ್ನ. ನನಗ ಗಣಿತ ಕಲಸಬ್ಯಾಡ್ರಿ.

ಗರಡಿ ಹುಡುಗ, ಜಮಖಂಡಿ:
ನಾ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತಾವ. ಜಿಮ್ ಇಲ್ಲ, ಪ್ರೋಟೀನ್ ಪೌಡರ್ ಇಲ್ಲ, ಶೇಂಗಾ ಹಿಂಡಿ, ರೊಟ್ಟಿ, ಹಾಲು ಅಷ್ಟ. ಹೆಂಗಸರಿಗೆ ಮನಿ ಕೆಲಸಾನ ಸಾಕಲ್ರೀ.

ಜಲನಗರ ಅಕ್ಕ, ವಿಜಯಪುರ:
ತಮ್ಮಾ, ನಿಮ್ಮವ್ವ ತಲಿಮ್ಯಾಲ ಒಂದು, ಬಗಲಾಗ ಒಂದು ಕೊಡ ಹೊತ್ಕೊಂಡ್ ಬರೂ ಮುಂದ ಪೈಲ್ವಾನ್ ಆಗ್ತಾಳಂತ ಯಾರರೆ ಅಂಜಿದ್ರೇನು? ಜಿಮ್‌ನ್ಯಾಗ ರೊಕ್ಕ ಕೊಟ್ಟು ಎತ್ತಿದ್ರ ಅಷ್ಟ ಉರಿ.

ಗರಡಿ ಹುಡುಗ, ಜಮಖಂಡಿ:
ನಾ ಪೌಡರ್ ಬಗ್ಗೆ ಅಂದೆ ಅಕ್ಕಾ. ಶೇಂಗಾ 100 ಗ್ರಾಂಗೆ 25 ಗ್ರಾಂ ಪ್ರೋಟೀನ್.

ಎರಡು ಕೆಜಿ, ತಿಳಕವಾಡಿ:
ಅದರ ಜೋಡಿ 570 ಕ್ಯಾಲರಿ. ಹೊಟ್ಟಿ ಬರೂದು ಬಾರ್‌ನಿಂದ ಅಲ್ಲ, ನಿಮ್ಮ ಹಿಂಡಿಯಿಂದ.

ನಡಾ ಹಿಡದಾಕಿ, ಗೋಕಾಕ:
ಹಿಂಡಿಗೆ ಅಂದ್ರ ನಾ ಸುಮ್ಮ ಕುಂದ್ರಾಕಿ ಅಲ್ಲ. ನೀವು ಬೆಳಗಾವ್ಯಾಗ ಕುಂದಾ ತಿಂದು ಮಂದಿಗೆ ಕ್ಯಾಲರಿ ಹೇಳ್ತೀರೇನು?

ನವನಗರದಾಕಿ, ಬಾಗಲಕೋಟಿ:
ಅಕ್ಕಾರ, ನನ್ನ ಮದುವಿ...

ಜಲನಗರ ಅಕ್ಕ, ವಿಜಯಪುರ:
ಜಂಪರ್ ಹೊಲಿಯಾಕ ಕೊಟ್ಟಿಯೇನು? ಒಳಗ ಒಂದಿಂಚು ಬಟ್ಟಿ ಬಿಡು ಅನ್ನು.

ನಡಾ ಹಿಡದಾಕಿ, ಗೋಕಾಕ:
ಎರಡು ಬಿಡಸು. ಟೇಲರ್‌ಗಳೂ ಬಾರ್ ಎಣಸೂದಿಲ್ಲ.